ರಿವರ್ಸ್ ಗೇರ್ ಬೀಳುತ್ತಿಲ್ಲ, ಗೇರ್‌ಬಾಕ್ಸ್ ಇಳಿಸಬೇಕು ಅಂತಿದ್ದಾರೆ. ಏನು ಮಾಡಲಿ?

ಗಲ್ಲಿ_ಕೊನೆಮನೆ | ಸೋಮವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಕಾರು 2013ರ ಡೀಸೆಲ್ ಹ್ಯಾಚ್‌ಬ್ಯಾಕ್. 5 ಗೇರ್. 92,000 ಕಿ.ಮೀ. ಓಡಿದೆ. ಮನೆ ಬಸವನಗುಡಿಯ ಒಂದು ಗಲ್ಲಿಯ ಕೊನೆಯಲ್ಲಿದೆ. ಅಲ್ಲಿ ಕಾರು ತಿರುಗಿಸಲು ಜಾಗವೇ ಇಲ್ಲ. ರಾತ್ರಿ ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಹಿಂದಕ್ಕೇ ಹೋಗಬೇಕು. ಹಾಗಾಗಿ ನನ್ನ ದಿನ ಶುರುವಾಗೋದೇ ರಿವರ್ಸ್ ಗೇರ್‌ನಿಂದ.

ಮೂರು ವಾರದಿಂದ ಅದೇ ಬೀಳುತ್ತಿಲ್ಲ. ಕ್ಲಚ್ ಪೂರ್ತಿ ತುಳಿದು ಲಿವರ್ ಎಳೆದರೆ ಕರ್ರ್ ಅಂತ ಹಲ್ಲು ಕಡಿಯೋ ಸದ್ದು. ಬಿಟ್ಟು ಮತ್ತೆ ಎಳೆದರೆ ಮತ್ತೆ ಕರ್ರ್. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಬೀಳುತ್ತದೆ. ಮುಂದಕ್ಕೆ ಹೋಗೋ ಗೇರ್‌ಗಳೆಲ್ಲ ಸರಿಯಾಗಿವೆ. ಮೊದಲನೆಯದು ಮಾತ್ರ ಬೆಳಿಗ್ಗೆ ಸ್ವಲ್ಪ ಬಿಗಿ. ನಿನ್ನೆ ಎದುರು ಮನೆ ಅಜ್ಜಿ ಗೇಟಿನ ತನಕ ಬಂದು "ಮಿಕ್ಸಿ ಯಾರ ಮನೇದಪ್ಪಾ ಕೆಟ್ಟಿರೋದು?" ಅಂತ ಕೇಳಿದರು.

ಒಂದು ಗ್ಯಾರೇಜ್‌ಗೆ ತೋರಿಸಿದೆ. ಐದು ನಿಮಿಷ ಓಡಿಸಿ ನೋಡಿ, "ರಿವರ್ಸ್ ಹಲ್ಲು ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು, 35 ಸಾವಿರ ಇಟ್ಕೊಳ್ಳಿ" ಅಂದರು. ಕಾರಿನ ಬೆಲೆಯೇ ಈಗ ಎರಡು ಲಕ್ಷ ದಾಟಲ್ಲ. ಇಳಿಸಲಾ, ಬೇಡವಾ?

ಎರಡೇ_ಪೆಡಲ್ | ಸೋಮವಾರ, ರಾತ್ರಿ 11:05

ಮಾರಿಬಿಡಿ. ಆಟೋಮ್ಯಾಟಿಕ್ ತಗೊಳ್ಳಿ. ನಾನು ತಗೊಂಡ ಮೇಲೆ ಎಡಗಾಲು ಇದೆ ಅನ್ನೋದೇ ಮರೆತಿದ್ದೇನೆ.

ಹುಬ್ಬಳ್ಳಿ_ಕಾಕಾ | ಮಂಗಳವಾರ, ಬೆಳಿಗ್ಗೆ 6:20

ಗೇರ್‌ಬಾಕ್ಸ್ ಇಳಿಸೋದು ಕೊನೆಯ ಮಾತು ರೀ. ಮೊದಲೇ ಆ ಮಾತು ಬಂದರೆ ಅಲ್ಲಿಂದ ಕಾರು ತಗೊಂಡು ಬಂದುಬಿಡಬೇಕು. ಹಲ್ಲು ಹೋಗಿದ್ದರೆ ಗೇರ್ ಬಿದ್ದ ಮೇಲೂ ಕಟಕಟ ಅನ್ನಬೇಕು, ಎಳೆಯುವಾಗ ಜಾರಬೇಕು. ಬಿದ್ದ ಮೇಲೆ ನಿಮ್ಮ ಕಾರು ಸುಮ್ಮನೆ ಹಿಂದಕ್ಕೆ ಹೋಗುತ್ತದಲ್ಲ?

ಇವತ್ತು ಸಂಜೆ ನಾಲ್ಕು ಕೆಲಸ ಮಾಡಿ. ಒಂದು ರೂಪಾಯಿ ಖರ್ಚಿಲ್ಲ. ಮೊದಲು ಕಾಲ ಕೆಳಗಿನ ಮ್ಯಾಟ್ ತೆಗೆದು ಹಿಂದಿನ ಸೀಟಿಗೆ ಎಸೆಯಿರಿ. ನಗಬೇಡಿ, ಪೆಡಲ್ ಅಡಿ ಮ್ಯಾಟ್ ಮಡಚಿಕೊಂಡ ಕಾರು ವರ್ಷಕ್ಕೆ ಮೂರಾದರೂ ನನ್ನ ಹತ್ತಿರ ಬರುತ್ತವೆ. ಎರಡನೆಯದು, ಎಂಜಿನ್ ಆಫ್ ಮಾಡಿ, ಕ್ಲಚ್ ತುಳಿದು, ಹತ್ತು ಸಲ ರಿವರ್ಸ್ ಹಾಕಿ. ಎಷ್ಟು ಸಲ ಬಿತ್ತು ಬರೆಯಿರಿ. ಮೂರನೆಯದು, ಎಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಪೆಡಲ್ಲನ್ನು ನಾಲ್ಕು ಸಲ ಚಕಚಕ ಅಂತ ಪಂಪ್ ಹೊಡೆದು, ಐದನೇ ಸಲ ತುಳಿದು ಹಿಡಿದು ರಿವರ್ಸ್ ಹಾಕಿ. ನಾಲ್ಕನೆಯದಕ್ಕೆ ಸಪಾಟಾದ ಜಾಗ ಬೇಕು, ಹಿಂದೆ ಯಾರೂ ಇರಬಾರದು. ರಿವರ್ಸ್ ಬಿದ್ದ ಮೇಲೆ ಕ್ಲಚ್ ಪೂರ್ತಿ ತುಳಿದೇ ಇಟ್ಟು ಬ್ರೇಕ್ ಬಿಡಿ. ಕಾರು ತಾನಾಗಿಯೇ ಹಿಂದಕ್ಕೆ ತೆವಳುತ್ತದಾ ನೋಡಿ.

ಹೊಸ_ಎಲ್_ಬೋರ್ಡ್ | ಮಂಗಳವಾರ, ಬೆಳಿಗ್ಗೆ 9:11

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೂ ರಿವರ್ಸ್ ಬೀಳಲ್ಲ, ಆದರೆ ಸದ್ದೇ ಇಲ್ಲ. ಲಿವರ್ ಆ ಕಡೆ ಹೋಗೋದೇ ಇಲ್ಲ! ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬಲಕ್ಕೆ ತಳ್ಳಿ ಕೆಳಗೆ ಎಳೆದರೆ ರಿವರ್ಸ್. ಮನೆ ಕಾರಿನಲ್ಲಿ ಎಡಕ್ಕೆ ಮೇಲೆ ಅಂತ ಲಿವರ್ ಗುಂಡಿನ ಮೇಲೆ ಬರೆದಿದೆ. ಎಷ್ಟು ತಳ್ಳಿದರೂ ಮೊದಲನೇ ಗೇರ್ ಬೀಳುತ್ತೆ. ನಿನ್ನೆ ಮಾವನವರ ಮುಂದೆ ಗ್ಯಾರೇಜ್ ಗೋಡೆಗೆ ಮುತ್ತಿಕ್ಕಿದೆ.

ಹುಬ್ಬಳ್ಳಿ_ಕಾಕಾ | ಮಂಗಳವಾರ, ಬೆಳಿಗ್ಗೆ 9:30

ತಂಗಿ, ಗುಂಡಿನ ಕೆಳಗೆ ಕತ್ತಿನಲ್ಲಿ ಒಂದು ಬಳೆ ಥರ ಇದೆಯಾ ನೋಡು. ಎರಡು ಬೆರಳಲ್ಲಿ ಅದನ್ನು ಮೇಲಕ್ಕೆ ಎತ್ತಿ ಹಿಡಿದು ಎಡಕ್ಕೆ ತಳ್ಳು. ಬಳೆ ಇಲ್ಲದಿದ್ದರೆ ಲಿವರನ್ನೇ ಕೆಳಕ್ಕೆ ಒತ್ತಿ ತಳ್ಳು. ಓಡುವಾಗ ಮರೆತು ರಿವರ್ಸ್ ಹಾಕಬಾರದು ಅಂತ ಇಟ್ಟ ಬೀಗ ಅದು. ಬಲಕ್ಕೆ ಕೆಳಗೆ ರಿವರ್ಸ್ ಇರುವ ಕಾರುಗಳಲ್ಲೂ ಒಂದು ತಡೆ ಇರುತ್ತದೆ. 5ರಿಂದ ನೇರ ರಿವರ್ಸ್‌ಗೆ ಎಳೆಯಲು ಹಲವು ಗಾಡಿಗಳಲ್ಲಿ ಬಿಡೋದಿಲ್ಲ. ಒಮ್ಮೆ ನ್ಯೂಟ್ರಲ್‌ಗೆ ಬಿಟ್ಟು ಮತ್ತೆ ಬಲಕ್ಕೆ ತಳ್ಳಿ ಎಳೆಯಬೇಕು.

ಹೊಸ_ಎಲ್_ಬೋರ್ಡ್ | ಮಂಗಳವಾರ, ಬೆಳಿಗ್ಗೆ 9:52

ಬಳೆ ಇದೆ!!! ಎರಡು ವರ್ಷದಿಂದ ಅದು ಅಲಂಕಾರಕ್ಕೆ ಅಂದುಕೊಂಡಿದ್ದೆ. ಥ್ಯಾಂಕ್ಸ್ ಕಾಕಾ.

ಗಲ್ಲಿ_ಕೊನೆಮನೆ | ಮಂಗಳವಾರ, ರಾತ್ರಿ 9:15

ಕಾಕಾ, ಎಲ್ಲ ಮಾಡಿದೆ. ಮ್ಯಾಟ್ ತೆಗೆದೆ, ಏನೂ ವ್ಯತ್ಯಾಸ ಇಲ್ಲ. ಎಂಜಿನ್ ಆಫ್ ಇದ್ದಾಗ 10ಕ್ಕೆ 9 ಸಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿತ್ತು. ಒಂದು ಸಲ ಮಾತ್ರ ಟಕ್ ಅಂತ ತಡೆದು ನಿಂತಿತು, ಸದ್ದಿಲ್ಲ. ಎಂಜಿನ್ ಆನ್ ಮಾಡಿ ಪಂಪ್ ಹೊಡೆದ ಮೇಲೆ ಏನಾಯ್ತು ಗೊತ್ತಾ? ಮೊದಲ ಸಲಕ್ಕೇ ಬಿತ್ತು, ಸದ್ದೇ ಇಲ್ಲ! ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕೂ ಸಲ ಹಾಗೇ. ಪಂಪ್ ಹೊಡೆಯದೆ ಹಾಕಿದರೆ ಮತ್ತೆ ಮಿಕ್ಸಿ. ಬಿದ್ದ ಮೇಲೆ ಪೆಡಲ್ ತುಳಿದೇ ಇಟ್ಟರೂ ಕಾರು ಇರುವೆ ಥರ ಹಿಂದಕ್ಕೆ ಸರಿಯುತ್ತೆ.

ಹುಬ್ಬಳ್ಳಿ_ಕಾಕಾ | ಮಂಗಳವಾರ, ರಾತ್ರಿ 9:40

ಅಷ್ಟೇ. ಗೇರ್‌ಬಾಕ್ಸ್ ಮುಟ್ಟಬೇಡಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಪೆಡಲ್ ತುಳಿದರೂ ಎಂಜಿನ್ನಿಂದ ಗೇರ್‌ಬಾಕ್ಸ್ ಪೂರ್ತಿ ಬೇರೆ ಆಗುತ್ತಿಲ್ಲ. ಪಂಪ್ ಹೊಡೆದರೆ ಸರಿಯಾಗುತ್ತೆ ಅಂದರೆ ಪ್ಲೇಟ್ ದೋಷವೂ ಅಲ್ಲ ಅನ್ನಿಸುತ್ತೆ. ಪೆಡಲ್ ಒತ್ತಿದ್ದನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಲೈನಿನಲ್ಲಿ ಗಾಳಿ ಇದೆ, ಇಲ್ಲ ಎಲ್ಲೋ ಸೋರುತ್ತಿದೆ.

ಪಾಠದ_ಮೇಷ್ಟ್ರು | ಮಂಗಳವಾರ, ರಾತ್ರಿ 11:02

ಕ್ಲಚ್ ದೋಷ ಆದರೆ ರಿವರ್ಸ್ ಒಂದಕ್ಕೇ ಯಾಕೆ ತೊಂದರೆ ಅಂತ ಯಾರೋ ಕೇಳುವ ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಕೊಯ್ದಿಟ್ಟ ಗೇರ್‌ಬಾಕ್ಸ್ ತೋರಿಸಿ ಇದನ್ನೇ ಪಾಠ ಮಾಡುವವನು ನಾನು.

ಮುಂದಕ್ಕೆ ಹೋಗುವ ಗೇರ್‌ಗಳು ಯಾವಾಗಲೂ ಜೋಡಿ ಜೋಡಿಯಾಗಿ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ಎಳೆದಾಗ ಆ ದೊಡ್ಡ ಹಲ್ಲುಗಳು ಹೊಸದಾಗಿ ಸೇರೋದಲ್ಲ. ಒಂದು ಸ್ಲೀವ್ ಜಾರಿ ಬಂದು ಆ ಗೇರನ್ನು ಶಾಫ್ಟ್‌ಗೆ ಕಟ್ಟಿಹಾಕುತ್ತದೆ. ಕಟ್ಟುವ ಮುಂಚೆ ಸಿಂಕ್ರೊ ರಿಂಗ್ ಅನ್ನೋ ಹಿತ್ತಾಳೆ ಬಳೆ ಉಜ್ಜಿ ಎರಡರ ವೇಗ ಸಮ ಮಾಡುತ್ತೆ. ಕ್ಲಚ್ ಅರೆಬರೆ ಬಿಟ್ಟಿದ್ದರೂ ಈ ಬಳೆ ಹೇಗೋ ಸಂಭಾಳಿಸುತ್ತೆ. ಬೆಳಿಗ್ಗೆ ಮೊದಲನೇ ಗೇರ್ ಬಿಗಿ ಅಂದಿರಲ್ಲ, ಅದು ಆ ಬಳೆ ಒದ್ದಾಡುವುದರ ಗುರುತು.

ರಿವರ್ಸ್ ಹಾಗಲ್ಲ. ಎರಡು ಗೇರ್ ಕಚ್ಚಿದರೆ ಒಂದಕ್ಕೆ ಇನ್ನೊಂದು ಉಲ್ಟಾ ತಿರುಗುತ್ತದೆ. ನಡುವೆ ಮೂರನೆಯದನ್ನು ತೂರಿಸಿದರೆ ದಿಕ್ಕು ಇನ್ನೊಮ್ಮೆ ಬದಲಾಗುತ್ತದೆ. ರಿವರ್ಸ್‌ನ ಗುಟ್ಟೆಲ್ಲ ಆ ಮೂರನೆಯ ಐಡ್ಲರ್ ಗೇರ್. ಹಲವು ಕಾರುಗಳಲ್ಲಿ, ಅದರಲ್ಲೂ ಹಳೆಯ 5 ಗೇರ್‌ನ ಸಣ್ಣ ಕಾರುಗಳಲ್ಲಿ, ಇದು ನಿಜವಾಗಿ ಜಾರಿ ಬಂದು ಹಲ್ಲಿಗೆ ಹಲ್ಲು ಸೇರಬೇಕು. ಜಾರಲು ಅನುಕೂಲ ಆಗಲಿ ಅಂತ ಅದರ ಹಲ್ಲು ನೇರ, ಮುಂದಿನ ಗೇರ್‌ಗಳ ಹಾಗೆ ಓರೆ ಅಲ್ಲ. ರಿವರ್ಸ್ ಹೋಗುವಾಗ ಕುಂಯ್ ಅಂತ ರಾಗ ಬರೋದು ಆ ನೇರ ಹಲ್ಲಿನದು. ಇಂಥ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್‌ಗೆ ಸಿಂಕ್ರೊ ಇಲ್ಲ. ಕಾರು ನಿಂತಿರುವುದರಿಂದ ಒಂದು ಕಡೆಯ ಹಲ್ಲು ನಿಂತಿದೆ. ಕ್ಲಚ್ ಪೂರ್ತಿ ಬಿಡದಿದ್ದರೆ ಇನ್ನೊಂದು ಕಡೆಯದು, ಅಂದರೆ ಎಂಜಿನ್ ಕಡೆಯ ಶಾಫ್ಟಿನದು, ತಿರುಗುತ್ತಲೇ ಇರುತ್ತದೆ. ಸೇರುವುದು ಹೇಗೆ?

ಕ್ಲಚ್ ಚೆನ್ನಾಗಿದ್ದರೂ ತುಳಿದ ತಕ್ಷಣ ಆ ಶಾಫ್ಟ್ ನಿಲ್ಲುವುದಿಲ್ಲ. ಫ್ಯಾನ್ ಸ್ವಿಚ್ ಆರಿಸಿದ ಮೇಲೂ ರೆಕ್ಕೆ ಎರಡು ಸುತ್ತು ತಿರುಗುತ್ತದಲ್ಲ, ಹಾಗೆ. ಅದಕ್ಕೇ ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾಯಬೇಕು. ಆತುರ ಇದ್ದರೆ ಮೊದಲು 1ಕ್ಕೋ 2ಕ್ಕೋ ಹಾಕಿ, ಕ್ಲಚ್ ಬಿಡದೆ ಹಾಗೇ ರಿವರ್ಸ್‌ಗೆ ತನ್ನಿ. ಮುಂದಿನ ಗೇರ್‌ನ ಸಿಂಕ್ರೊ ಆ ಶಾಫ್ಟನ್ನು ಹಿಡಿದು ನಿಲ್ಲಿಸಿಕೊಡುತ್ತದೆ.

ಘಟ್ಟದ_ಗಾಡಿ | ಬುಧವಾರ, ಬೆಳಿಗ್ಗೆ 7:45

ಇಷ್ಟೆಲ್ಲ ಯಾಕೆ ಮೇಷ್ಟ್ರೇ. ಡಬಲ್ ಕ್ಲಚ್ ಹೊಡೆದರೆ ಆಯ್ತು. ತುಳಿ, ನ್ಯೂಟ್ರಲ್, ಬಿಡು, ತುಳಿ, ಗೇರ್. 26 ವರ್ಷ ಲಾರಿ ಓಡಿಸಿದ್ದೇನೆ, ಸಿಂಕ್ರೊ ಗಿಂಕ್ರೊ ಏನೂ ಇಲ್ಲದ ಗಾಡಿಗಳು.

ಹುಬ್ಬಳ್ಳಿ_ಕಾಕಾ | ಬುಧವಾರ, ಮಧ್ಯಾಹ್ನ 1:10

ಅಣ್ಣಾರ, ನಿಮ್ಮ ಅನುಭವಕ್ಕೆ ಕೈ ಮುಗಿದೆ. ಆದರೆ ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಓಡುವ ಗಾಡಿಯಲ್ಲಿ ಗೇರ್ ಇಳಿಸುವಾಗ ಶಾಫ್ಟ್ ಜೋರಾಗಿ ತಿರುಗಬೇಕು, ಅದಕ್ಕೆ ನಡುವೆ ಕ್ಲಚ್ ಬಿಟ್ಟು ಆಕ್ಸಿಲೇಟರ್ ಕೊಡುತ್ತೀರಿ. ರಿವರ್ಸ್‌ಗೆ ಶಾಫ್ಟ್ ನಿಲ್ಲಬೇಕು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಮತ್ತೆ ಅದನ್ನು ತಿರುಗಿಸಿ ಬಿಡುತ್ತದೆ. ಕರ್ರ್ ಅನ್ನುವ ಗಾಡಿಗೆ ಡಬಲ್ ಕ್ಲಚ್ ಹೊಡೆದರೆ ಇನ್ನೂ ಕರ್ರ್ ಅನ್ನುತ್ತೆ.

ಅದು ಕೆಲಸ ಮಾಡುವ ಜಾಗ ಬೇರೆ ಇದೆ. ಗಲ್ಲಿಯವರು ಹೇಳಿದರಲ್ಲ, ಎಂಜಿನ್ ಆಫ್ ಇದ್ದಾಗ ಒಂದು ಸಲ ಟಕ್ ಅಂತ ತಡೆದು ನಿಂತಿತು ಅಂತ. ಅದು ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿದ್ದು. ಎರಡೂ ನಿಂತಿವೆ, ಸಂದಿ ಸಿಗಲಿಲ್ಲ. ಎಂಜಿನ್ ಓಡುವಾಗ ಹಾಗಾದರೆ ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದರೆ ಹಲ್ಲು ಚೂರು ಸರಿದು ಬೀಳುತ್ತದೆ. ಕರ್ರ್ ಒಂದು ರೋಗ, ಟಕ್ ಒಂದು ರೋಗ. ಟಕ್ ಅನ್ನೋದು ಆರೋಗ್ಯವಂತ ಗಾಡಿಗೂ ಬರುತ್ತೆ, ಔಷಧಿ ಬೇಡ.

ಘಟ್ಟದ_ಗಾಡಿ | ಬುಧವಾರ, ಮಧ್ಯಾಹ್ನ 2:30

ಸರಿ ಬಿಡಿ, ಒಪ್ಪಿದೆ. ಆದರೆ ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ ಒಂದು ಉಪಾಯ ಹೇಳುತ್ತೇನೆ. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಮೇಲಿಂದ ಬಸ್ಸು, ಕೆಳಗೆ ನಾನು. ನಾನೇ ಹಿಂದೆ ಸರಿಯಬೇಕು. ಕ್ಲಚ್ ಆಯಿಲ್ ಎಲ್ಲ ಸೋರಿ ರಿವರ್ಸ್ ಬೀಳಲೇ ಇಲ್ಲ. ಬಸ್ಸಿನವನ ಹಾರ್ನ್ ಬೇರೆ. ಎಂಜಿನ್ ಆಫ್ ಮಾಡಿದೆ, ರಿವರ್ಸ್ ಹಾಕಿದೆ, ಆಮೇಲೆ ಗೇರ್‌ನಲ್ಲೇ ಸೆಲ್ಫ್ ಹೊಡೆದೆ. ಗಾಡಿ ಒದ್ದುಕೊಂಡು ಹಿಂದಕ್ಕೆ ಹೋಯಿತು. ಕ್ಲೀನರ್ ಹುಡುಗ ಕಲ್ಲು ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ಓಡುತ್ತಿದ್ದ. ಹಾಗೆ ಕೊಟ್ಟಿಗೆಹಾರ ಮುಟ್ಟಿದ್ದು ರಾತ್ರಿ 11ಕ್ಕೆ. ಕಾರಿನಲ್ಲಿ ಇದನ್ನು ದಿನಾ ಮಾಡಬೇಡಿ, ಹಿಂದೆ ಮಗು ಮರಿ ಇದ್ದರೆ ಮಾಡಲೇಬೇಡಿ.

ಕುಂದಾಪ್ರ_ಮಳೆ | ಬುಧವಾರ, ಸಂಜೆ 6:05

ನಮ್ಮ ಕಡೆಯ ರೋಗ ಇನ್ನೊಂದಿದೆ. ಅಮ್ಮನ ಆರೈಕೆಗೆ ಅಂತ ಬೆಂಗಳೂರಿಗೆ ಬಂದವಳು ಐದು ವಾರ ಉಳಿದೆ. ಜುಲೈ ಮಳೆ. ಕಾರು ಮನೆ ಮುಂದಿನ ಶೀಟಿನ ಮಾಡಿನಡಿ ನಿಂತಿತ್ತು. ವಾಪಸ್ ಹೋಗಿ ಸ್ಟಾರ್ಟ್ ಮಾಡಿದರೆ ರಿವರ್ಸ್ ಅಲ್ಲ, ಯಾವ ಗೇರೂ ಬೀಳಲಿಲ್ಲ. ಎಂಜಿನ್ ಆಫ್ ಮಾಡಿದರೆ ಎಲ್ಲ ಬೀಳುತ್ತೆ. ತೇವಕ್ಕೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು, ಎಂಜಿನ್ ತಿರುಗಿಸುವ ಫ್ಲೈವೀಲ್ ಚಕ್ರಕ್ಕೆ ಅಂಟಿಕೊಂಡಿತ್ತು. ಪೆಡಲ್ ತುಳಿದರೂ ಪ್ಲೇಟ್ ಬಿಡಲ್ಲ.

ಊರಿನ ಮೆಕ್ಯಾನಿಕ್ ಕಾರನ್ನು ಖಾಲಿ ಗದ್ದೆ ರಸ್ತೆಗೆ ತಳ್ಳಿಸಿದರು. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, 2ನೇ ಗೇರ್ ಹಾಕಿ, ಕ್ಲಚ್ ತುಳಿದುಕೊಂಡೇ ಸೆಲ್ಫ್ ಹೊಡೆದರು. ಕಾರು ಕುದುರೆ ಹಾಗೆ ಓಡಿತು. ಕ್ಲಚ್ ತುಳಿದೇ ಇಟ್ಟು ಒಮ್ಮೆ ಆಕ್ಸಿಲೇಟರ್, ಒಮ್ಮೆ ಬ್ರೇಕ್. ನಾಲ್ಕನೇ ಸಲಕ್ಕೆ ಡಬ್ ಅಂತ ಬಿಟ್ಟುಕೊಂಡಿತು. ಈಗ ಊರು ಬಿಟ್ಟು ಹೋದರೆ ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟು ಹೋಗುತ್ತೇನೆ, ವಾರಕ್ಕೊಮ್ಮೆ ಓಡಿಸು ಅಂತ.

ಕಾಫಿ_ಜೀಪು | ಗುರುವಾರ, ಬೆಳಿಗ್ಗೆ 8:00

ಸಕಲೇಶಪುರ ಕಡೆಯಿಂದ ಬರೆಯುತ್ತಿದ್ದೇನೆ. ನನ್ನದು ಉಲ್ಟಾ ಕೇಸ್. ಎಂಜಿನ್ ಆಫ್ ಮಾಡಿದರೂ ರಿವರ್ಸ್ ಬೀಳುತ್ತಿರಲಿಲ್ಲ. 3, 4 ಚೆನ್ನಾಗಿ ಬೀಳುತ್ತಿದ್ದವು. ಲಿವರ್ ಮಾತ್ರ ಪಾಯಸದಲ್ಲಿ ಸೌಟು ಆಡಿಸಿದ ಹಾಗೆ. ಗೇರ್ ಹಾಕಿದರೂ ಹಿಂದಿನ ಬಿಳಿ ಲೈಟ್ ಹತ್ತುತ್ತಿರಲಿಲ್ಲ. ಆ ಲೈಟಿನ ಸ್ವಿಚ್ ಗೇರ್‌ಬಾಕ್ಸ್ ಮೇಲೇ ಇರುತ್ತೆ. ಬಲ್ಬ್ ಚೆನ್ನಾಗಿದ್ದೂ ಲೈಟ್ ಹತ್ತಲಿಲ್ಲ ಅಂದರೆ ನಾವು ಲಿವರ್ ಎಳೆದದ್ದು ಒಳಗೆ ಮುಟ್ಟೇ ಇಲ್ಲ ಅಂತ ಅರ್ಥ.

ಬಾನೆಟ್ ಎತ್ತಿ, ಮಗನಿಗೆ ಗೇರ್ ಆಡಿಸು ಅಂದು ನೋಡಿದೆ. ಗೇರ್‌ಬಾಕ್ಸ್‌ಗೆ ಎರಡು ಕೇಬಲ್ ಬರುತ್ತವೆ, ಒಂದು ಹಿಂದೆ ಮುಂದೆ, ಒಂದು ಎಡ ಬಲ. ಎಡ ಬಲದ ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿತ್ತು. ಮಧ್ಯದ ಗೇರ್‌ಗಳಿಗೆ ಅಷ್ಟು ಎಳೆತ ಬೇಡ, ರಿವರ್ಸ್ ಕಟ್ಟಕಡೆಯ ಮೂಲೆಯಲ್ಲಿರುವುದರಿಂದ ಪೂರ್ತಿ ಎಳೆತ ಬೇಕು. ಕಟ್ಟು ತಂತಿ ಸುತ್ತಿ ಹಾಸನದ ತನಕ ಓಡಿಸಿದೆ.

ನೀಟಾದ_ಗಾಡಿ | ಗುರುವಾರ, ಬೆಳಿಗ್ಗೆ 10:20

ಗೇರ್ ಆಯಿಲ್ ಬದಲಾಯಿಸಿ ನೋಡಿ. ನಾನು ಜಿಎಲ್-5 ಹಾಕಿಸಿದೆ, ದೊಡ್ಡ ನಂಬರ್, ಜಾಸ್ತಿ ಒಳ್ಳೆಯದು.

ಪಾಠದ_ಮೇಷ್ಟ್ರು | ಗುರುವಾರ, ಬೆಳಿಗ್ಗೆ 10:48

ಅಯ್ಯೋ, ಹಾಗಲ್ಲ. ಕಾರಿನ ಪುಸ್ತಕದಲ್ಲಿ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಅದು ಡಿಫರೆನ್ಷಿಯಲ್‌ಗೆ ಬೇಕಾದದ್ದು, ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗದೆ ಹೋಗಬಹುದು. ನಂಬರ್ ದೊಡ್ಡದಾದರೆ ಒಳ್ಳೆಯದು ಅನ್ನೋದು ಪರೀಕ್ಷೆ ಅಂಕಕ್ಕೆ ಮಾತ್ರ. ಇನ್ನು ಕ್ಲಚ್ ಬಿಡದ ಗಾಡಿಗೆ ಯಾವ ಆಯಿಲ್ ಹಾಕಿದರೂ ಅಷ್ಟೇ.

ಗಲ್ಲಿ_ಕೊನೆಮನೆ | ಶನಿವಾರ, ಮಧ್ಯಾಹ್ನ 12:30

ಸಿಕ್ಕಿತು!

ಇವತ್ತು ರಜೆ. ಬೆಳಿಗ್ಗೆಯೇ ಟಾರ್ಚ್ ಹಿಡಿದು ಕೂತೆ. ಮೊದಲು ಪೆಡಲ್ ಹತ್ತಿರ ತಲೆ ತೂರಿಸಿ, ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ತುಳಿದಾಗ ಆಯಿಲ್ ತಳ್ಳುವುದು) ಹೋಗುವ ಕಡ್ಡಿಯನ್ನು ಟಿಶ್ಯೂ ಪೇಪರ್‌ನಿಂದ ಒರೆಸಿದೆ. ಒಣಗಿತ್ತು. ಆಮೇಲೆ ಬಾನೆಟ್ ಎತ್ತಿದೆ. ಬ್ಯಾಟರಿಯ ಕೆಳಗೆ, ಗೇರ್‌ಬಾಕ್ಸ್ ಮೇಲೆ ಹೆಬ್ಬೆರಳು ದಪ್ಪದ ಸ್ಲೇವ್ ಸಿಲಿಂಡರ್, ಆ ಆಯಿಲ್ ಬಂದು ತಳ್ಳಿದಾಗ ಕಡ್ಡಿ ಚಾಚಿ ಕ್ಲಚ್ ಬಿಡಿಸುವುದು. ಅದರ ಮೂತಿಗೆ ರಬ್ಬರ್ ಟೋಪಿ. ಟೋಪಿಯ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತಿದ ತಕ್ಷಣ ಕಷಾಯದ ಬಣ್ಣದ ನೀರು ಚಿಳ್ ಅಂತ ಬೆರಳ ಮೇಲೆ ಸುರಿಯಿತು. ಕೆಳಗೆ ಗೇರ್‌ಬಾಕ್ಸ್ ಮೇಲೆ ಧೂಳು ಎಲ್ಲ ಕಡೆ ಒಣಗಿದೆ, ಅಲ್ಲಿ ಮಾತ್ರ ಅಂಗೈ ಅಗಲ ಕಪ್ಪು ಕೆಸರು. ಹೆಂಡತಿ ಒಳಗೆ ಕೂತು ಪೆಡಲ್ ತುಳಿದಾಗ ನೋಡಿದೆ. ಕಡ್ಡಿ ಸ್ವಲ್ಪ ಮುಂದೆ ಬರುತ್ತೆ, ಹಾಗೇ ನಿಧಾನಕ್ಕೆ ಹಿಂದೆ ಸರಿಯುತ್ತೆ. ಪೆಡಲ್ ಮಾತ್ರ ನೆಲಕ್ಕೇ ಅಂಟಿದೆ.

ಬ್ರೇಕ್ ಆಯಿಲ್ ಡಬ್ಬಿಯೇ ಕ್ಲಚ್‌ಗೂ ಡಬ್ಬಿ ಅಂತ ಇವತ್ತೇ ಗೊತ್ತಾಗಿದ್ದು. ಮಟ್ಟ ಕೆಳಗಿನ ಗೆರೆಗಿಂತ ಒಂದು ಕೂದಲು ಮೇಲಿದೆ. ಸ್ವಲ್ಪ ಭಯ ಆಯ್ತು. ಓಡಿಸಬಹುದಾ?

ಹುಬ್ಬಳ್ಳಿ_ಕಾಕಾ | ಶನಿವಾರ, ಮಧ್ಯಾಹ್ನ 12:41

ಓಡಿಸಬೇಡಿ. ಕ್ಲಚ್‌ಗೆ ಹೋಗುವ ಪೈಪ್ ಸಾಮಾನ್ಯವಾಗಿ ಡಬ್ಬಿಯಲ್ಲಿ ಮೇಲೆ ಇರುತ್ತೆ. ಅದೆಲ್ಲ ಸೋರಿದರೂ ಬ್ರೇಕ್‌ಗೆ ತಳದಲ್ಲಿ ಒಂದಿಷ್ಟು ಉಳಿಯಲಿ ಅಂತ. ಆದರೆ ಅದನ್ನು ನಂಬಿಕೊಂಡು ಪೇಟೆಯಲ್ಲಿ ಓಡಾಡಬಾರದು. ಮುಚ್ಚಳದ ಮೇಲೆ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ನೋಡಿ ಅದೇ ನಂಬರಿನ ಬ್ರೇಕ್ ಆಯಿಲ್ ತನ್ನಿ. ಪೇಂಟ್ ಮೇಲೆ ಬಿದ್ದರೆ ಪೇಂಟ್ ತಿನ್ನುತ್ತೆ, ತಕ್ಷಣ ನೀರು ಹಾಕಿ. ಕೈ ತೊಳೆದುಕೊಂಡಿರಾ?

ಸ್ಲೇವ್ ಸಿಲಿಂಡರ್ ಹೊಸದೇ ಹಾಕಿ. ಬರೀ ವಾಷರ್ ಕಿಟ್ ಹಾಕಿದರೆ ಒಳಗಿನ ಗೀರು ಹೊಸ ವಾಷರನ್ನೂ ತಿನ್ನುತ್ತೆ. ನಿಮ್ಮ ಪುಣ್ಯ, ಅದು ಹೊರಗಿದೆ. ಕೆಲವು ಗಾಡಿಗಳಲ್ಲಿ ಅದನ್ನು ಗೇರ್‌ಬಾಕ್ಸ್ ಒಳಗೆ ಬೇರಿಂಗ್ ಜೊತೆಗೇ ಕೂರಿಸಿರುತ್ತಾರೆ. ಅಲ್ಲಿ ಸೋರಿದರೆ ನಿಜವಾಗಲೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಗಲ್ಲಿ_ಕೊನೆಮನೆ | ಭಾನುವಾರ, ರಾತ್ರಿ 8:20

ಜೆಸಿ ರೋಡ್ ನಾಲ್ಕು ಅಂಗಡಿ ಸುತ್ತಿ ನಿನ್ನೆಯೇ ಸ್ಲೇವ್ ಸಿಲಿಂಡರ್ ತಂದೆ, 1,850 ರೂಪಾಯಿ. ಪರಿಚಯದ ಮೆಕ್ಯಾನಿಕ್ ಮನೆಗೇ ಬಂದು ಹಾಕಿದರು, 900. ಹಾಕಿದ್ದು ಇಪ್ಪತ್ತು ನಿಮಿಷ, ಏರ್ ತೆಗೆದಿದ್ದು ಒಂದೂವರೆ ಗಂಟೆ! ಅವರು ಕೆಳಗಿಂದ "ಒತ್ತಿ... ಹಿಡೀರಿ... ಬಿಡಿ" ಅಂತಾರೆ, ನಾನು ಒಳಗಿಂದ ತುಳಿಯೋದು. ಪಾರದರ್ಶಕ ಪೈಪಿನಲ್ಲಿ ಮೊದಲು ಕಪ್ಪು ನೀರು, ಆಮೇಲೆ ಸೋಡಾ ಥರ ಗುಳ್ಳೆ, ಕೊನೆಗೆ ತಿಳಿ. ನಡುವೆ ಡಬ್ಬಿ ತುಂಬಿಸೋದು ಮರೆತು ಮತ್ತೆ ಗಾಳಿ ಒಳಗೆ ಹೋಯ್ತು, ಮತ್ತೆ ಮೊದಲಿಂದ. ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ.

ರಿವರ್ಸ್ ಬೀಳುತ್ತಿದೆ. ಬೆಳಿಗ್ಗೆಯ ಮೊದಲನೇ ಗೇರ್ ಬಿಗಿಯೂ ಹೋಯ್ತು. ತುಳಿದ ತಕ್ಷಣ ಎಳೆದರೆ ಮಾತ್ರ ಈಗಲೂ ಒಂದು ಸಣ್ಣ ಕರ್ ಬರುತ್ತೆ ಕಾಕಾ.

ಹುಬ್ಬಳ್ಳಿ_ಕಾಕಾ | ಭಾನುವಾರ, ರಾತ್ರಿ 8:35

ಅದು ಗಾಡಿಯ ದೋಷ ಅಲ್ಲ, ನಿಮ್ಮ ಆತುರ. ಮೂರು ಎಣಿಸಿ. ಒಂದು ವಾರ ದಿನಾ ಡಬ್ಬಿಯ ಮಟ್ಟ ನೋಡಿ.

ಎರಡೇ_ಪೆಡಲ್ | ಭಾನುವಾರ, ರಾತ್ರಿ 9:00

2,750ಕ್ಕೆ ಮುಗೀತಾ? ನನ್ನ ಆಟೋಮ್ಯಾಟಿಕ್ ಆಯಿಲ್ ಬದಲಾಯಿಸಲು ಮೊನ್ನೆ ಅದಕ್ಕಿಂತ ಜಾಸ್ತಿ ಆಯ್ತು. ಮೊದಲು ಬರೆದದ್ದನ್ನು ವಾಪಸ್ ತಗೊಂಡಿದ್ದೇನೆ.

ಮೈಸೂರು_ಪಾರ್ಕಿಂಗ್ | ಸೋಮವಾರ, ಬೆಳಿಗ್ಗೆ 8:50

ನನಗೂ ಇದೇ ಸಮಸ್ಯೆ, ಮೊನ್ನೆ ಶುಕ್ರವಾರದಿಂದ ಶುರು. ಕರ್ರ್ ಅನ್ನುತ್ತೆ. ಎಂಜಿನ್ ಆಫ್ ಮಾಡಿದರೆ ಬೀಳುತ್ತೆ. ಸ್ಲೇವ್ ಸಿಲಿಂಡರ್ ಆರ್ಡರ್ ಮಾಡಲಾ?

ಹುಬ್ಬಳ್ಳಿ_ಕಾಕಾ | ಸೋಮವಾರ, ಬೆಳಿಗ್ಗೆ 9:02

ತಡೀರಿ. ಶುಕ್ರವಾರ ಕಾರಿಗೆ ಏನು ಮಾಡಿಸಿದಿರಿ?

ಮೈಸೂರು_ಪಾರ್ಕಿಂಗ್ | ಸೋಮವಾರ, ಬೆಳಿಗ್ಗೆ 9:06

ಏನೂ ಇಲ್ಲ ಕಾಕಾ. ವಾಟರ್ ವಾಶ್ ಮಾಡಿಸಿ ಹೊಸ ಮ್ಯಾಟ್ ಹಾಕಿಸಿದೆ ಅಷ್ಟೇ. ದಪ್ಪದ್ದು.

ಮೈಸೂರು_ಪಾರ್ಕಿಂಗ್ | ಸೋಮವಾರ, ಬೆಳಿಗ್ಗೆ 9:19

ಹಳೇದು ತೆಗೆಯದೆ ಅದರ ಮೇಲೇ ಹಾಕಿದ್ದಾರೆ. ಎರಡೂ ತೆಗೆದೆ. ಬೀಳುತ್ತಿದೆ.